ಮೂರನೆಯ ದಿನದ ಬೇಳೆ

ನಮ್ಮ ಬೋರ್ಡಿಂಗಿನ ಬೇಳೆಯಲ್ಲಿ ಬಟ್ಟಲಿನ ತಳ ಕಾಣುತ್ತಿತ್ತು. ತಳದಲ್ಲಿ ಕಂಚುಗಾರ ತನ್ನ ಹೆಸರು ಕೊರೆದಿದ್ದರೆ ಅದನ್ನೂ ಓದಿಬಿಡಬಹುದಿತ್ತು. ಬೆಳಿಗ್ಗೆ ಜೋಳದ ರೊಟ್ಟಿ ಮತ್ತು ಬೇಳೆ, ಸಂಜೆ ಬೇಳೆ ಮತ್ತು ಜೋಳದ ರೊಟ್ಟಿ. ಅಪರೂಪಕ್ಕೆ ಪುಂಡಿಪಲ್ಯ ಬಂದರೆ ಅಂದು ನಮಗೆ ಹಬ್ಬ. ಹುಮನಾಬಾದಿನ ಪೇಟೆಯ ಹಿಂದೆ, ಮುಚ್ಚಿಹೋದ ಕಾಳುಕಡಿಯ ಅಡತಿ ಅಂಗಡಿಯೊಂದರಲ್ಲಿ ಈ ಬೋರ್ಡಿಂಗ್ ಇತ್ತು. ಮೆಟ್ರಿಕ್ ಮುಗಿಸಿ ಗುಲಬರ್ಗಾದ ಕಾಲೇಜಿಗೆ ಹೋಗುವ ಕನಸು ಕಾಣುವ ಹಳ್ಳಿ ಹುಡುಗರು ಅಲ್ಲಿದ್ದೆವು. ಕನಸು ಬೀಳಬೇಕಾದರೆ ನಿದ್ದೆ ಬರಬೇಕು, ನಿದ್ದೆ ಬರಬೇಕಾದರೆ ಹೊಟ್ಟೆ ತುಂಬಿರಬೇಕು. ಅದನ್ನು ಯಾರಿಗೆ ಹೇಳುವುದು?

ಹೇಳಬೇಕಾದದ್ದು ಕಲ್ಯಾಣಿಯ ಬಟ್ಟೆ ವ್ಯಾಪಾರಿ ದೇವಿದಾಸ ಸೇಠರಿಗೆ. ಅದು ನಿಜಾಮರ ಕಾಲ, ಈಗಿನ ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದೆವು. ಬೋರ್ಡಿಂಗ್ ನಡೆಯುತ್ತಿದ್ದುದು ಅವರದೇ ಧರ್ಮದಿಂದ. ಸುಗ್ಗಿ ಮುಗಿದೊಡನೆ ಜೋಳ, ತೊಗರಿ, ಬೆಲ್ಲ, ತುಪ್ಪ ಗಾಡಿ ಕಟ್ಟಿಸಿ ಕಳಿಸುತ್ತಿದ್ದರು. ತಿಂಗಳಿಗೊಮ್ಮೆ ಗೆಳೆಯರನ್ನೂ ಮುನೀಮರನ್ನೂ ಕರೆದುಕೊಂಡು ಬಂದು, ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು ಉಂಡು, ಹುಡುಗರು ಸುಖವಾಗಿದ್ದಾರೆ ಎಂದು ತೇಗುತ್ತ ಹೋಗುತ್ತಿದ್ದರು.

ಅಡುಗೆ ಅಂಬುಬಾಯಿಯದು. ಆಕೆ ಕದಿಯುವವಳಲ್ಲ, ಸೋಮಾರಿಯೂ ಅಲ್ಲ. ಆದರೆ ಮನೆಗೆ ಬಂದ ಪಾವಣೇರು, ಅಂದರೆ ಅತಿಥಿಗಳು, ಆಕೆಗೆ ದೇವರು. ಸೇಠರು ಬರುವ ದಿನ ಒಲೆಯ ಮೇಲೆ ಬೇರೆಯೇ ಲೋಕ ಇಳಿಯುತ್ತಿತ್ತು: ಗಟ್ಟಿ ಬೇಳೆ, ಎಣ್ಣೆಗಾಯಿ, ಹೋಳಿಗೆ, ಮೇಲೆ ತುಪ್ಪ. ಅಂದು ಹಿಂದಿನ ಕೋಣೆಯಲ್ಲಿ ಕೂತ ನಮಗೂ ಅದೇ ಹಂಡೆಯಿಂದ ಬಡಿಸುತ್ತಿದ್ದಳು. ಬಾಯಿ ತುಂಬಿರುವಾಗ ದೂರು ಹೊರಡುವುದು ಕಷ್ಟ.

ಒಬ್ಬನಿಗೆ ಮಾತ್ರ ಹೊರಟಿತು. ಕಲ್ಯಾಣಿಯ ಪಕ್ಕದ ನಾರಾಯಣಪುರದ ಲಾಲಪ್ಪನಿಗೆ. ಅವರ ಓಣಿಯಿಂದ ಅಷ್ಟು ಓದಿದವನು ಅವನೊಬ್ಬನೇ. ತಾಯಿ ಸೋನುಬಾಯಿ ಮಗ ಕಾಲೇಜಿಗೆ ಹೋಗುತ್ತಾನೆಂದು ಬಾವಿಕಟ್ಟೆಯಲ್ಲಿ ಕಂಡಕಂಡವರಿಗೆಲ್ಲ ಸಾರಿಬಿಟ್ಟಿದ್ದಳು. ಶ್ರಾವಣದ ಮಳೆಯಲ್ಲಿ ಸೇಠರು ಆ ಸಲ ಒಬ್ಬರೇ ಬಂದಿದ್ದರು. ಲಾಲಪ್ಪ ಊಟದ ನಡುವೆ ಎದ್ದು ಪಡಸಾಲೆಗೆ ಹೋಗಿ ಅವರೆದುರು ನಿಂತ.

"ಸೇಠಜಿ, ಈ ಊಟ ನೀವು ಬಂದೀರಿ ಅಂತ ಅದರಿ. ನಾವು ದಿನಾ ಉಣ್ಣೋ ಬ್ಯಾಳ್ಯಾಗ ನಮ್ಮ ಮಾರಿ ಕಾಣತದ."

ಸೇಠರು ಎದ್ದು ಅಡುಗೆಮನೆಗೆ ನಡೆದರು. ಹಂಡೆಯಲ್ಲಿ ಸೌಟು ಅದ್ದಿದರು. ಬೇಳೆ ಎಷ್ಟು ಗಟ್ಟಿಯಿತ್ತೆಂದರೆ ಸೌಟು ನೆಟ್ಟಗೆ ನಿಂತಿತು. ನಮ್ಮ ಕಡೆ ತಿರುಗಿ, "ಇಂವ ಹೇಳೋದು ಖರೆ ಏನ್ರೋ?" ಎಂದರು. ನಾವೆಲ್ಲ ಹೋಳಿಗೆಯನ್ನು ಈಗಷ್ಟೇ ಕಂಡವರಂತೆ ನೋಡುತ್ತ ಕೂತೆವು.

"ಉಂಡ ಮನಿ ಜಂತಿ ಎಣಿಸತೀ ಏನಲೇ?" ಸೇಠರ ಕಿವಿ ಕೆಂಪಾಗಿತ್ತು. "ಗಂಟು ಕಟ್ಟು. ಸಂಜಿ ಬಸ್ಸಿಗಿ ನಾನೇ ಕರಕೊಂಡು ಹೋಗಿ ನಿಮ್ಮಪ್ಪನ ಕೈಯಾಗ ಒಪ್ಪಸತೇನಿ."

ಲಾಲಪ್ಪ ಗಂಟು ಕಟ್ಟಿ ಹೊರಗಿನ ಕಟ್ಟೆಯ ಮೇಲೆ ಕೂತ. ಸಂಜೆ ಬಸ್ಸು ಬರಲಿಲ್ಲ. ಅದರ ಡ್ರೈವರ್ ವಜೀರ್ ಬಂದ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು. "ಅಚ್ಚು ಮುರದದ ಸೇಠಜಿ. ಹೈದರಾಬಾದಿನಿಂದ ಸಾಮಾನು ಬರೋತನಕ ಗಾಡಿ ಏಳಂಗಿಲ್ಲ." ಎರೆಮಣ್ಣಿನ ಹಾದಿಯಲ್ಲಿ ಎತ್ತಿನ ಗಾಡಿ ಹೂತುಹೋಗುವ ಕಾಲ. ನೋಯುವ ಮಂಡಿ ಇಟ್ಟುಕೊಂಡು ಸೇಠರು ನಡೆಯುವಂತಿರಲಿಲ್ಲ. ಉಳಿದರು. ಅವರು ಉಳಿದ ಮೇಲೆ ಲಾಲಪ್ಪನೂ ಉಳಿದ.

ರಾತ್ರಿ ಊಟಕ್ಕೆ ಅವನು ಒಳಗೆ ಬರಲಿಲ್ಲ. ಅಂಬುಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾಕೋ, ಉಣ್ಣಂಗಿಲ್ಲೇನು?"

"ನಾ ಈಗ ಬೋರ್ಡಿಂಗಿನಾವ ಅಲ್ಲ."

ಅಂಬುಬಾಯಿ ಸ್ವಲ್ಪ ಯೋಚಿಸಿದಳು. "ಬೋರ್ಡಿಂಗಿನಾವ ಅಲ್ಲಂದ್ರ ಪಾವಣ್ಯಾ ಆದಿ. ಏಳು, ಮಣಿ ಮ್ಯಾಲ ಕೂಡು."

ಹೀಗೆ, ಹೊರಹಾಕಿದವರೂ ಹೊರಬಿದ್ದವನೂ ಅಕ್ಕಪಕ್ಕದ ಮಣೆಯ ಮೇಲೆ ಕೂತು ಉಂಡರು. ಮರುದಿನವೂ ಅಷ್ಟೇ. ಉಳಿದ ಹೋಳಿಗೆಯನ್ನು ಬಿಸಿ ಮಾಡಿ, ತುಪ್ಪ ಸುರಿದು, ಇಬ್ಬರಿಗೂ ಒಂದೇ ಸಮ ಬಡಿಸಿದಳು. ಹಿಂದಿನ ಕೋಣೆಯಲ್ಲಿ ನಮಗೆ ಮತ್ತೆ ಅದೇ ನೀರು. ಬೋರ್ಡಿಂಗಿನಿಂದ ಹೊರಬೀಳುವುದು ಇಷ್ಟು ರುಚಿಯೆಂದು ನಮಗೆ ತಿಳಿದಿರಲಿಲ್ಲ, ತಿಳಿದಿದ್ದರೆ ಪಾಳಿ ಹಚ್ಚುತ್ತಿದ್ದೆವು. ಆದರೆ ಲಾಲಪ್ಪ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟ. "ಅವ್ವಗ ಏನಂತ ಹೇಳಲಿ?" ಎಂದು ನನ್ನನ್ನು ಕೇಳಿದ. ಪಾಪ ಅನ್ನಿಸಿತು.

ಸಾಮಾನು ಇನ್ನೂ ಬಂದಿಲ್ಲ ಎಂದು ಹೇಳಲು ಬಂದ ವಜೀರ್ ಸೇಠರ ತಾಟು ನೋಡಿ ನಕ್ಕ. "ಏಕ್ ದಿನ್ ಮೆಹಮಾನ್, ದೋ ದಿನ್ ಮೆಹಮಾನ್, ತೀಸ್ರೆ ದಿನ್ ಬಲಾಯೆ ಜಾನ್! ಉಣ್ಣೋದೆಲ್ಲ ಇವತ್ತೇ ಉಂಡಬಿಡ್ರಿ ಸೇಠಜಿ." ಮೂರನೆಯ ದಿನಕ್ಕೆ ಅತಿಥಿ ಜೀವಕ್ಕೆ ಕಂಟಕ ಎಂಬ ಆ ಮಾತಿಗೆ ಸೇಠರೂ ನಕ್ಕರು.

ಮೂರನೆಯ ದಿನ ಅಂಬುಬಾಯಿ ಎರಡು ಮಣೆಗಳ ಮುಂದೆ ಎರಡು ಬಟ್ಟಲು ಇಟ್ಟಳು. ಸೇಠರು ರೊಟ್ಟಿ ಮುರಿದು ಅದ್ದಲು ಹೋದವರು ಕೈ ತಡೆದರು. ಬಟ್ಟಲನ್ನು ಓರೆ ಮಾಡಿ ನೋಡಿದರು. ತಳ ಕಂಡಿತು.

"ಅಂಬುಬಾಯಿ, ಇದೇನು?"

"ಬ್ಯಾಳಿರಿ."

"ಇದು ಬ್ಯಾಳಿ?"

"ಎರಡ ದಿನ ಪಾವಣೇರು ಇದ್ರಿ. ಇವತ್ತ ಮನ್ಯಾವ್ರು ಆದ್ರಿ. ಮನಿ ಮಂದಿಗಿ ದಿನಾ ಇದೇ ಅಲ್ರಿ?" ಆಕೆಯ ದನಿಯಲ್ಲಿ ಅಕ್ಕರೆಯೇ ಇತ್ತು.

"ನಾ ಕಳಿಸಿದ ತೊಗರಿ ಎಲ್ಲಿ ಹೋತು ಮತ್ತ?"

ಅಂಬುಬಾಯಿಗೆ ಈಗ ಸಿಟ್ಟು ಬಂತು. "ಎಲ್ಲಿ ಹೋಗತದರಿ? ತಿಂಗಳ ತನಕ ಮುಷ್ಟಿ ಮುಷ್ಟಿ ತಗದು ನಿಮ್ಮ ಸಲುವಾಗಿನೇ ಇಡಾಕತ್ತೇನಿ. ನಾಕು ಮಂದಿ ಕರಕೊಂಡು ಬರತೀರಿ. ನಿಮಗ ಇಂಥಾ ಬ್ಯಾಳಿ ಹಾಕಿದ್ರ ಈ ಹುಡುಗರ ಮರ್ಯಾದಿ ಏನ ಉಳಿತದರಿ?"

ಸೇಠರು, ಹುಡುಗರು ಉಣ್ಣುತ್ತಾರೆಯೇ ಎಂದು ನೋಡಲು ಬಂದು, ಪ್ರತಿ ತಿಂಗಳೂ ಹುಡುಗರ ಪಾಲನ್ನು ತಾವೇ ಉಂಡು ಹೋಗುತ್ತಿದ್ದರು. ಅದು ಅವರಿಗೆ ತಿಳಿಯಿತು ಎನ್ನುವುದು ಅವರ ಕೈ ನೋಡಿದರೆ ತಿಳಿಯುತ್ತಿತ್ತು. ಮುರಿದ ರೊಟ್ಟಿ ಬೆರಳಲ್ಲೇ ಉಳಿದಿತ್ತು. ಆಮೇಲೆ ಬಟ್ಟಲೆತ್ತಿ, ಒಂದು ಹನಿ ಬಿಡದೆ ಕುಡಿದರು.

ಹೊರಗೆ ಬಸ್ಸಿನ ಹಾರ್ನ್ ಕೂಗಿತು. ಲಾಲಪ್ಪ ಕೈ ತೊಳೆದು ಗಂಟು ಎತ್ತಿಕೊಂಡ. ಅಂಬುಬಾಯಿ ಒಳಗಿನಿಂದಲೇ ಕೂಗಿದಳು: "ನೀ ಎಲ್ಲಿಗಿ ಹೊಂಟಿ? ಮೂರ ದಿನ ಆತು, ನೀನೂ ಮನ್ಯಾವನೇ. ಬಟ್ಟಲ ತೊಳದಿಡು."

ಸೇಠರು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದರು.

"ಇಬ್ಬರಲ್ರಿ?" ವಜೀರ್ ಕೇಳಿದ.

"ಒಬ್ಬನೇ," ಎಂದರು ಸೇಠರು. ಲಾಲಪ್ಪನ ಮುಖ ನೋಡಲಿಲ್ಲ. ತಪ್ಪಾಯಿತು ಅನ್ನುವ ಮಾತು ದೊಡ್ಡ ಮನುಷ್ಯರ ಅಂಗಡಿಯಲ್ಲಿ ಸಿಗುವುದಿಲ್ಲ.

ಆ ಸಂಜೆ ಲಾಲಪ್ಪ ಹಿಂದಿನ ಕೋಣೆಯಲ್ಲಿ ನನ್ನ ಪಕ್ಕ ಕೂತ. ಮಣೆ ಇಲ್ಲ, ತುಪ್ಪ ಇಲ್ಲ. ಅಂಬುಬಾಯಿ ಬೇಳೆ ಬಡಿಸುತ್ತ ಬಂದಳು. ಅದು ಎಂದಿನಂತೆ ತೆಳ್ಳಗಿತ್ತು. ಸೇಠರ ಮುಂದಿನ ಭೇಟಿಗೆ ಒಂದು ಮುಷ್ಟಿ ಆಗಲೇ ತೆಗೆದಿಟ್ಟಿದ್ದಳೆಂದು ಕಾಣುತ್ತದೆ. ಲಾಲಪ್ಪ ಬಟ್ಟಲೆತ್ತಿ ಗಟಗಟ ಕುಡಿದ. ಕಣ್ಣೊರೆಸಿಕೊಂಡು, ಮತ್ತೆ ಬಟ್ಟಲು ಚಾಚಿದ.

"ಇನ್ನೊಂದಿಷ್ಟು ಹಾಕು, ಅಂಬವ್ವ."