ಮೊದಲ ಸಾಲಿನ ಕುರ್ಚಿ

ಆಸ್ಪತ್ರೆಯಲ್ಲಿ ನನಗೆ ಬೆಡ್‌ಶೀಟ್ ಅಕ್ಕ ಅಂತ ಹೆಸರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಬೆನ್ನ ಹಿಂದೆ ಕರೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಬಟ್ಟೆ ಕೋಣೆಗೆ ನಾನೇ ಮೇಲ್ವಿಚಾರಕಿ. ಹಾಸಿಗೆಯ ಮೂಲೆ ಸರಿಯಾಗಿ ಮಡಚದವರು ನನ್ನ ಬಾಯಿಗೆ ಬಿದ್ದರೆ ಮುಗಿಯಿತು. ಇಂಥವಳು ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಗಂಡನ ಜೊತೆ ಪರದೇಶಕ್ಕೆ ಐದು ದಿನದ ಪ್ರವಾಸ ಹೊರಟರೆ, ಅಲ್ಲೂ ಮೊದಲು ಕಣ್ಣು ಹೋಗುವುದು ಹಾಸಿಗೆಯ ಮೂಲೆಗೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ನಾವು ಇಳಿದುಕೊಂಡದ್ದು ಎಂಟು ಕೋಣೆಯ ಸಣ್ಣ ಲಾಡ್ಜು. ಎಂಟೂ ಕೋಣೆಗಳನ್ನು ನನ್ನದೇ ವಯಸ್ಸಿನ ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಹರುಕು ಮುರುಕು ಇಂಗ್ಲಿಷಿನಲ್ಲಿ ಇಬ್ಬರೂ ಹೇಗೋ ದಬ್ಬುತ್ತಿದ್ದೆವು. ಅದನ್ನು ಹಾಗೇ ಬರೆದರೆ ಓದುವವರಿಗೆ ಶಿಕ್ಷೆ, ಹಾಗಾಗಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಮೂರನೆಯ ದಿನ ಸಂಜೆ ಅವಳು ಬಂದು, ನಾಳೆ ನಮ್ಮ ದೇಶದ ಸ್ವಾತಂತ್ರ್ಯ ದಿನ, ನನಗೆ ರಜೆ, ಒಂದು ದಿನ ಹೇಗಾದರೂ ಸುಧಾರಿಸಿಕೊಳ್ಳಿ ಎಂದಳು. ಅಪ್ಪನನ್ನು ಮೈದಾನಕ್ಕೆ ಕರೆದುಕೊಂಡು ಹೋಗಬೇಕಂತೆ. ದೇಶ ಸ್ವತಂತ್ರವಾದ ದಿನ ಆ ಊರಿನಲ್ಲಿ ಮೊದಲ ಬಾವುಟವನ್ನು ಮಡಚಿ ಹಗ್ಗಕ್ಕೆ ಕಟ್ಟಿದವರು ಅವರೇ. ಅಲ್ಲಿಂದ ಇಲ್ಲಿಯವರೆಗೆ ಒಂದು ವರ್ಷವೂ ತಪ್ಪಿಸಿಲ್ಲ.

"ಮುಂದಿನ ವರ್ಷದ ಮಾತು ಆಡ್ಬೇಡಿ ಅಂದಿದಾರೆ ಡಾಕ್ಟ್ರು," ಎಂದಳು. "ಅದಕ್ಕೇ ಈ ಸಲ ಹೆಂಗಾದ್ರೂ ಕರ್ಕೊಂಡು ಹೋಗ್ಲೇಬೇಕು."

ನಾನು ಹ್ಞೂಂ ಹ್ಞೂಂ ಎನ್ನುತ್ತಲೇ ಅವಳು ಮಡಚಿದ್ದ ಚಾದರದ ಮೂಲೆ ನೋಡುತ್ತಿದ್ದೆ. ನನ್ನದಕ್ಕಿಂತ ಚೆನ್ನಾಗಿತ್ತು. ಒಂಚೂರು ಹೊಟ್ಟೆಕಿಚ್ಚೂ ಆಯಿತು, ಮೆಚ್ಚುಗೆಯೂ ಆಯಿತು.

ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ, ಹಾಕಿಕೊಟ್ಟವಳು ನಾನೇ. ಬಳಸಿದ ದಿಂಬಿನ ಚೀಲ, ಹೊದಿಕೆ ಎಲ್ಲವನ್ನೂ ಚಾದರದೊಳಗೆ ಸುತ್ತಿ, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿ ಬಾಗಿಲ ಹೊರಗಿಡುವುದು. ಎತ್ತಿಕೊಂಡು ಹೋಗುವವರ ಸೊಂಟಕ್ಕೆ ಅಷ್ಟು ಆರಾಮ. ಮರುದಿನ ಬೆಳಗ್ಗೆ ಏಳು ಗಂಟೆಗೆ ಮೊದಲೇ ನಮ್ಮ ಹಾಸಿಗೆಯ ಬಟ್ಟೆಯನ್ನೂ ಹಾಗೇ ಗಂಟು ಕಟ್ಟಿ ಬಾಗಿಲ ಹೊರಗಿಟ್ಟೆ. ಅವಳು ರಜೆ ಮುಗಿಸಿ ಬಂದಾಗ ಒಂದು ಕೆಲಸ ಕಡಿಮೆಯಾಗಲಿ ಎಂದು. ಬೀರುವಿನಲ್ಲಿ ಇನ್ನೊಂದು ಜೊತೆ ಚಾದರ ಇತ್ತು, ರಾತ್ರಿಗೆ ನಾನೇ ಹಾಸಿಕೊಳ್ಳುತ್ತಿದ್ದೆ.

"ಊರ ಉಸಾಬರಿ ನಿಂಗ್ಯಾಕೆ, ರಜೆ ಹಾಕಿ ಬಂದಿದೀಯ," ಎಂದರು ನಮ್ಮವರು. ಒಂದೇ ಜಾತಿಯ ಕೆಲಸದವರ ಕಷ್ಟ ಬಸ್ಸಿನಲ್ಲಿ ಟಿಕೆಟ್ ಕೊಡುವ ನಿಮ್ಮಂಥ ಕಂಡಕ್ಟರಿಗೇನು ಗೊತ್ತು ಎಂದು ನಾನು ತಿರುಗಿಸಿ ಕೊಟ್ಟೆ. ಒಳ್ಳೆಯ ಕೆಲಸ ಮಾಡಿದ ಜಂಬದಲ್ಲೇ ಬೀದಿಗಿಳಿದೆ.

ಬೀದಿಯಲ್ಲಿ ಜನವೋ ಜನ. ಅಂಗಡಿ ಬಾಗಿಲುಗಳಿಗೆಲ್ಲ ಬಾವುಟ, ಮಕ್ಕಳ ಕೈಯಲ್ಲಿ ಬಾವುಟ, ಸೈಕಲ್ಲಿಗೂ ಬಾವುಟ. ನಾನೂ ಒಂದು ಕೊಂಡುಕೊಂಡೆ. ಪರರ ಹಬ್ಬದಲ್ಲಿ ಒಂದು ಸುಖವಿದೆ, ಮನೆ ಸಾರಿಸುವ ಕೆಲಸ ನಮ್ಮದಲ್ಲ. ಮೈದಾನಕ್ಕೆ ಹೋಗುವಷ್ಟರಲ್ಲಿ ನನ್ನ ಮೊಣಕಾಲು ಕೈಕೊಟ್ಟಿತ್ತು. ಕುಂಟುವುದನ್ನು ಕಂಡ ಒಬ್ಬ ಸ್ವಯಂಸೇವಕಿ ನನ್ನನ್ನು ಕೈಹಿಡಿದು ಮುಂದೆ ಕರೆದುಕೊಂಡು ಹೋದಳು. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಇಲ್ಲಿ ಕೂರಬೇಕಾದವರು ಇನ್ನು ಬರುವ ಹಾಗೆ ಕಾಣುವುದಿಲ್ಲ, ನೀವು ನಮ್ಮ ಅತಿಥಿ, ಕೂತುಕೊಳ್ಳಿ ಎಂದಳು. ಕುರ್ಚಿಯ ಬೆನ್ನಿಗೆ ಅವರ ಲಿಪಿಯಲ್ಲಿ ಏನೋ ಬರೆದ ಚೀಟಿ ಅಂಟಿಸಿತ್ತು. ನನಗೆ ಅದು ಓದಲು ಬರುವುದಿಲ್ಲ. ಓದಲು ಬಾರದು ಎನ್ನುವುದಕ್ಕಿಂತ, ಕೇಳಲು ಹೋಗಲಿಲ್ಲ ಎನ್ನುವುದೇ ಸರಿ. ಮೊದಲ ಸಾಲು ಸಿಕ್ಕಿದಾಗ ಯಾರು ಕೇಳುತ್ತಾರೆ?

ಒಂಬತ್ತು ಗಂಟೆಗೆ ಸರಿಯಾಗಿ ವಾದ್ಯದವರು ಬಾರಿಸಿದರು, ಎಲ್ಲರೂ ಎದ್ದು ನಿಂತರು. ಸಾಲುಗಳ ಹಿಂದಿನಿಂದ ನಮ್ಮವರು ಮೊಬೈಲು ಎತ್ತಿ ಹಿಡಿದು, ತಿರುಗು ತಿರುಗು ಎಂದು ಕೈಸನ್ನೆ ಮಾಡಿದರು. ನಾನು ಕುರ್ಚಿಯ ಬೆನ್ನು ಹಿಡಿದು ತಿರುಗಿ ನಿಂತು, ಹಲ್ಲು ಕಿರಿದು, ಸಣ್ಣ ಬಾವುಟ ಆಡಿಸಿದೆ. ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿದರು.

ಲಾಡ್ಜಿಗೆ ಬಂದಾಗ ಹತ್ತೂವರೆ. ನಮ್ಮ ಕೋಣೆಯ ಹೊರಗೆ ಮೋಟು ಸ್ಟೂಲಿನ ಮೇಲೆ ಅವಳು ಕೂತಿದ್ದಳು. ಹಬ್ಬದ ಹೊಸ ಬಟ್ಟೆ ಹಾಕಿದ್ದಳು, ಮೇಲೆ ಕೆಲಸದ ನೀಲಿ ಅಂಗಿ. ತೊಡೆಯ ಮೇಲೆ ಒಂದು ಪುಸ್ತಕ. ಒಳಗೆ ಹಾಸಿಗೆ ಹೊಸದಾಗಿ ಹಾಸಿತ್ತು. ನಾನು ಪೆದ್ದಿ, ಕೆಲಸಕ್ಕೆ ಯಾಕೆ ಬಂದಳೆಂದು ಕೇಳುವ ಮೊದಲೇ, ನೋಡಿ ನಿಮ್ಮ ಹಬ್ಬದಲ್ಲಿ ನನಗೆ ಎಂಥ ಜಾಗ ಸಿಕ್ಕಿತು ಎಂದು ಫೋಟೋ ಮುಂದೆ ಹಿಡಿದೆ.

ಅವಳು ನೋಡಿದಳು. ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ನನ್ನ ಕೈಯ ಪಕ್ಕದಲ್ಲಿದ್ದ ಆ ಚೀಟಿಯನ್ನು ಓದಿದಳು.

"ಇದು ನಮ್ಮಪ್ಪನ ಕುರ್ಚಿ," ಎಂದಳು.

ಆಮೇಲೆ ಒಂದೊಂದಾಗಿ ತಿಳಿಯಿತು. ಆ ಲಾಡ್ಜಿನಲ್ಲಿ ಚಾದರ ಗಂಟು ಕಟ್ಟಿ ಹೊರಗಿಟ್ಟರೆ, ಹಾಸಿಗೆ ಕೊಳಕಾಗಿದೆ, ನಮಗೆ ಬೇಡ ಎಂದು ಅರ್ಥವಂತೆ. ಹಾಸಿದವರೇ ಬಂದು ಮತ್ತೆ ಹಾಸಬೇಕು, ರಜೆ ಗಿಜೆ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಇಳಿದುಕೊಂಡವರು ಬಂದು ನೋಡಿ ಸಮಾಧಾನವಾಯಿತೆಂದು ದೂರು ಪುಸ್ತಕದಲ್ಲಿ ಸಹಿ ಹಾಕುವವರೆಗೆ ಕದಲುವಂತಿಲ್ಲ. ಮ್ಯಾನೇಜರು ಫೋನು ಮಾಡಿದಾಗ ಅವಳು ಅಪ್ಪನಿಗೆ ಕೋಟು ತೊಡಿಸುತ್ತಿದ್ದಳು. ಕಾಲು ಗಂಟೆಯಲ್ಲಿ ಹಾಸಿಗೆ ಹಾಸಿ ಮುಗಿಸಿದ್ದಾಳೆ. ಉಳಿದ ಮೂರು ಗಂಟೆ ನನ್ನ ಸಹಿಗಾಗಿ ಆ ಸ್ಟೂಲಿನ ಮೇಲೆ ಕಾದಿದ್ದಾಳೆ, ನಾನು ಅವಳ ಅಪ್ಪನ ಕುರ್ಚಿಯಲ್ಲಿ ಮೆರೆಯುತ್ತಿದ್ದಾಗ.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮ್ಯಾನೇಜರ ಬಳಿ ಓಡಿದೆ. ಅದು ದೂರಲ್ಲ, ಇಂಥ ಹಾಸಿಗೆ ನಮ್ಮ ಆಸ್ಪತ್ರೆಯಲ್ಲೂ ಯಾರೂ ಹಾಸುವುದಿಲ್ಲ, ತಪ್ಪೆಲ್ಲ ನನ್ನದು ಎಂದು ಗಂಟಲು ಹರಿಯುವಂತೆ ಹೇಳಿದೆ. ಆತ ಸಾವಧಾನವಾಗಿ ದೂರಿನ ಮೇಲೆ ಅಡ್ಡಗೆರೆ ಎಳೆದ. ಬರೆದದ್ದನ್ನು ಹೊಡೆದುಹಾಕಿದರೆ ಬೆಳಗ್ಗಿನ ಒಂಬತ್ತು ಗಂಟೆ ವಾಪಸು ಬರುತ್ತದೆಯೇ?

ನಿಮ್ಮ ಅಪ್ಪನಲ್ಲಿ ಕ್ಷಮೆ ಕೇಳಬೇಕು, ಕರೆದುಕೊಂಡು ಹೋಗಿ ಎಂದು ಅವಳ ಬೆನ್ನು ಬಿದ್ದೆ. ಬೇಡ, ನಿಮಗೆ ಗೊತ್ತಿರಲಿಲ್ಲವಲ್ಲ ಎಂದಳು. ನಾನು ಬಿಡಲಿಲ್ಲ. ಆ ಹಟದಲ್ಲೂ ಸ್ವಾರ್ಥವಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಹಿರಿಯರು ಹೋಗಲಿ ಬಿಡಮ್ಮ ಎಂದುಬಿಟ್ಟರೆ ಊಟ ಸೇರುತ್ತದೆ ಎಂಬ ಆಸೆ.

ಎರಡು ಬೀದಿ ದಾಟಿ, ಒಂದು ಮಹಡಿ ಹತ್ತಿದರೆ ಅವರ ಮನೆ. ಕಿಟಕಿಯ ಪಕ್ಕ ಹಿರಿಯರು ಇಸ್ತ್ರಿ ಮಾಡಿದ ಕೋಟು ತೊಟ್ಟು ಕೂತಿದ್ದರು. ಕಾಲಿನಲ್ಲಿ ಪಾಲಿಶ್ ಮಾಡಿದ ಬೂಟು. ಬೆಳಗ್ಗೆಯಿಂದ ತೆಗೆಯಲು ಬಿಟ್ಟಿಲ್ಲ ಎಂದು ಪಕ್ಕದ ಮನೆಯವಳು ಹೇಳಿ ಹೋದಳು. ನಾನು ಮಂಡಿಯೂರಿ ನನ್ನ ತಪ್ಪನ್ನೆಲ್ಲ ಹೇಳಿದೆ, ಮಗಳು ಅವರ ಭಾಷೆಗೆ ತಿರುಗಿಸಿ ಹೇಳಿದಳು. ಗಂಟಿನ ಕಥೆಗೆ ಅವರು ಕೈಬೀಸಿ ನಕ್ಕರು. ಕುರ್ಚಿಯ ವಿಷಯ ಬಂದಾಗ ಮಾತ್ರ ಮುಂದೆ ಬಾಗಿ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ, ಆಸೆಯಿಂದ. ಏನೋ ಕೇಳಿದರು.

ಮಗಳು ನೆಲ ನೋಡುತ್ತ ಹೇಳಿದಳು. "ಹಗ್ಗ ಎಳೆದಾಗ ಬಾವುಟ ಒಂದೇ ಸಲಕ್ಕೆ ಬಿಚ್ಕೊಳ್ತಾ ಅಂತ ಕೇಳ್ತಿದಾರೆ. ಈಗಿನ ಹುಡುಗರು ಬಿಗಿಯಾಗಿ ಕಟ್ತಾರೆ ಅಂತ ಅವರಿಗೆ ವರ್ಷಾ ವರ್ಷಾ ಇದೇ ಚಿಂತೆ."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಚಪ್ಪಾಳೆ ಕೇಳಿದ್ದೆ, ಸುಳ್ಳಾಗುವ ಸಂಭವವೂ ಇರಲಿಲ್ಲ. ಆದರೆ ಫೋಟೋ ನೋಡಿದ ಮಗಳು ಪಕ್ಕದಲ್ಲೇ ನಿಂತಿದ್ದಳು, ನನ್ನ ಸುಳ್ಳನ್ನು ಅವಳ ಬಾಯಲ್ಲಿ ಆಡಿಸಬೇಕಿತ್ತು. ಬೆಳಗ್ಗೆ ಮಾಡಿದ್ದೇ ಸಾಕಾಗಿತ್ತು.

"ನಾನು ನೋಡ್ಲಿಲ್ಲ," ಎಂದೆ. "ಫೋಟೋಗೆ ಅಂತ ಬಾವುಟಕ್ಕೆ ಬೆನ್ನು ಹಾಕಿ ನಿಂತಿದ್ದೆ."

ಅವಳು ಹೇಳಿದಳು. ಹಿರಿಯರು ಕುರ್ಚಿಗೆ ಒರಗಿಕೊಂಡು ಎರಡೇ ಮಾತು ಆಡಿದರು. ಅವಳು ಅದನ್ನು ತಿರುಗಿಸಿ ಹೇಳಲಿಲ್ಲ. ಏನಂದರು ಎಂದು ನಾನೇ ಕೇಳಿದೆ. ಬೇಡ ಎಂದಳು. ಮತ್ತೆ ಕೇಳಿದೆ.

"ಹಾಗಾದ್ರೆ ಆ ಕುರ್ಚಿ ಖಾಲೀನೇ ಇತ್ತು ಅನ್ನಿ, ಅಂದ್ರು."

ಹೇಳಿ ಅವಳು ಅಪ್ಪನ ಕಾಲ ಬಳಿ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು. ಈ ಸಲ ಅವರು ಬೇಡವೆನ್ನಲಿಲ್ಲ.