ರಾಡ್ಕಕ್ಕ ಒಡೆದ ಕ್ಯೂಬು

ಶವಪೆಟ್ಟಿಗೆ ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊತ್ತಿದ್ದ ನಾಲ್ವರೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದವರು. ಒಂದೊಂದು ಮೂಲೆಗೆ ಒಂದೊಂದು ಸಂಶೋಧನಾ ಶಾಖೆ. ಸೇತುವೆಯವನು ತಲೆಯ ಕಡೆ ಎತ್ತಬೇಕೆಂದ. ಮಣ್ಣಿನವನು ಕಾಲಿನ ಕಡೆ ಇಳಿಸಬೇಕೆಂದ. ಅಣೆಕಟ್ಟಿನವನು ವಾಪಸು ಮೇಲೆ ಹೋಗಿ ಮತ್ತೆ ಬರೋಣವೆಂದ. ನಾಲ್ಕನೆಯವನು ಡೊಬ್ರಿನ್, ಹಳೆಯ ಕಟ್ಟಡಗಳ ಪರೀಕ್ಷೆಯ ಶಾಖೆಯ ಮುಖ್ಯಸ್ಥ. ಅವನು ತನ್ನ ಮೂಲೆ ಹೊತ್ತು ಬೆವರುತ್ತಿದ್ದ.

ಕೆಳಗಿನ ಮೆಟ್ಟಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಮುದುಕ, ಗಾರೆ ಮೇಸ್ತ್ರಿ ಕೋಸ್ತಾ, ಸ್ವಲ್ಪ ಹೊತ್ತು ಇವರ ಚರ್ಚೆ ಕೇಳಿದ.

"ನೆಟ್ಟಗೆ ನಿಲ್ಲಿಸಿ ಇಳಿಸ್ರಪ್ಪ," ಎಂದ. "ರಾಡ್ಕಾ ಜೀವಮಾನವೆಲ್ಲ ನಿಂತೇ ಕೆಲಸ ಮಾಡಿದೋಳು. ಬೇಜಾರು ಮಾಡ್ಕೊಳ್ಳಲ್ಲ."

ರಾಡ್ಕಾಳ ಮಗಳು ನೆವೆನಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಿರುಗಿಸಿ, ಇಳಿಸಿದರು.

ರಾಡ್ಕಾ ಮೂವತ್ತೆಂಟು ವರ್ಷ ವಿಭಾಗದ ಪ್ರಯೋಗಾಲಯದಲ್ಲಿ ಕಾಂಕ್ರೀಟ್ ಕ್ಯೂಬು ಒಡೆದವಳು. ಕಟ್ಟಡ ಎಲ್ಲಿಯದೇ ಇರಲಿ, ಅಲ್ಲಿ ಸುರಿದ ಕಾಂಕ್ರೀಟಿನದೇ ಗೇಣುದ್ದದ ಒಂದು ತುಂಡು ಇಪ್ಪತ್ತೆಂಟನೆಯ ದಿನ ಅವಳ ಬಳಿಗೆ ಬರುತ್ತಿತ್ತು. ಅದನ್ನು ಯಂತ್ರದಲ್ಲಿಟ್ಟು ಒತ್ತಿ, ಒಡೆಯುವ ಹೊತ್ತಿಗೆ ಒತ್ತಡ ತೋರಿಸುವ ಮುಳ್ಳು ಎಲ್ಲಿತ್ತೆಂದು ಬರೆದುಕೊಳ್ಳುತ್ತಿದ್ದಳು. ಸಂಶೋಧನಾ ಶಾಖೆಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಪಟ್ಟಿಯಲ್ಲಿದ್ದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು.

ಸ್ಮಶಾನದಲ್ಲಿ ಪಾದ್ರಿ ಪ್ರಾರ್ಥನೆ ಮುಗಿಸಿ ಗುಂಡಿಗೆ ವೈನು ಸುರಿದರು. ನೆವೆನಾ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಎಲ್ಲರ ಅಂಗೈಗೂ ಹಾಕುತ್ತ ಬಂದಳು. ಡೊಬ್ರಿನ್ ಎಲ್ಲರಂತೆ "ದೇವರು ಕ್ಷಮಿಸಲಿ" ಎಂದ. ಹಾಗೆನ್ನುವಾಗ ಎದೆಯೊಳಗೆ ಏನೋ ಸಡಿಲವಾಯಿತು. ಅವನು ಮುಚ್ಚಿಟ್ಟ ಆ ಸಂಗತಿ ಗೊತ್ತಿದ್ದವರು ಇನ್ನು ಯಾರೂ ಉಳಿದಿಲ್ಲ. ಹೆಣದ ಮುಂದೆ ಹಾಗೆ ಹಗುರವಾದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೆ ಹಗುರವಾದದ್ದು ನಿಜ.

*

ಇಪ್ಪತ್ತಾರು ವರ್ಷದ ಹಿಂದೆ ಊರಿನಲ್ಲಿ ಸೂರಿರುವ ಈಜುಕೊಳ ಕಟ್ಟುತ್ತಿದ್ದರು. ಕಂಬಗಳು ಎದ್ದಿದ್ದವು, ಸೂರು ಇನ್ನೂ ಏರಿರಲಿಲ್ಲ. ಉದ್ಘಾಟನೆಗೆ ಮಂತ್ರಿ ಬರುವ ದಿನ ಮಾತ್ರ ಆಗಲೇ ಗೊತ್ತಾಗಿತ್ತು. ಕಂಬಗಳ ಕ್ಯೂಬನ್ನು ಒಡೆದಾಗ ಮುಳ್ಳು ಹದಿನಾಲ್ಕು ದಾಟಲಿಲ್ಲ. ಕೊನೇಪಕ್ಷ ಇಪ್ಪತ್ತು ಬೇಕಿತ್ತು.

ಈಗ ತೀರಿಹೋಗಿರುವ ಆಗಿನ ಮುಖ್ಯಸ್ಥರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಡೊಬ್ರಿನ್‌ಗೆ ಕೆಲಸ ಕಾಯಂ ಆಗುವುದು ಬೇಕೋ ಬೇಡವೋ ಎಂದಷ್ಟೇ ಕೇಳಿ ಹೊರಟುಹೋದರು. ಅವನಿಗೆ ಇಪ್ಪತ್ತೆಂಟು ವರ್ಷ, ಮನೆಯಲ್ಲಿ ಎಳೆಗೂಸು. ವರದಿಯಲ್ಲಿ ಇಪ್ಪತ್ತನಾಲ್ಕು ಎಂದು ಬರೆದ.

ರಾಡ್ಕಾ ಒಡೆದ ಚೂರುಗಳನ್ನು ಗುಡಿಸುತ್ತಿದ್ದಳು.

"ಬರೆದಾಯ್ತಾ?"

"ಆಯ್ತಕ್ಕ."

"ಮುಖ ತೊಳ್ಕೊಂಡು ಹೋಗಿ ಕಾಫಿ ಕುಡಿ."

ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ಈಜುಕೊಳ ತೆರೆಯಿತು. ಹಿಮ ಜೋರಾಗಿ ಬಿದ್ದ ದಿನಗಳಲ್ಲಿ ಡೊಬ್ರಿನ್ ಎದುರಿನ ರಸ್ತೆಯಲ್ಲಿ ನಿಂತು ಆ ಸೂರನ್ನೇ ನೋಡುತ್ತಿದ್ದ. ಮಗಳಿಗೆ ಈಜು ಕಲಿಸಲಿಲ್ಲ. ಕಿವಿ ಸೋಂಕಾಗುತ್ತದೆ ಎಂದು ಹೆಂಡತಿಗೆ ನೆಪ ಹೇಳಿದ. ನಿಂತ ಕಟ್ಟಡವನ್ನು ಒಡೆಯದೆ ಅದರ ಬಲ ಅಳೆಯುವುದು ಹೇಗೆಂದು ಸಿಕ್ಕಿದ್ದನ್ನೆಲ್ಲ ಓದಿದ, ಉಪಕರಣ ಮಾಡಿದ. ವಿದ್ಯಾರ್ಥಿಗಳು ಬಂದರು, ವಿಭಾಗದಲ್ಲಿ ಅದೇ ಒಂದು ಹೊಸ ಶಾಖೆಯಾಯಿತು. ಊರಿನ ಶಾಲೆಗಳು, ಹಿಟ್ಟಿನ ಗಿರಣಿ, ಡ್ಯಾನ್ಯೂಬ್ ದಂಡೆಯ ಉಗ್ರಾಣಗಳು ಎಲ್ಲವನ್ನೂ ತಟ್ಟಿ ನೋಡಿದ. ಈಜುಕೊಳವೊಂದನ್ನು ಮುಟ್ಟಲಿಲ್ಲ. ಮುಟ್ಟಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದ ಮೇಲೆ ಬಾಯಿ ಬಿಡಬೇಕಾಗುತ್ತದೆ.

*

ಊಟ ವಿಭಾಗದ ಕ್ಯಾಂಟೀನಿನಲ್ಲಿ. ಹುರುಳಿಕಾಯಿ ಬೀಜದ ಸಾರು, ಹುರಿದ ಮೀನು, ಪ್ಲಮ್ ಹಣ್ಣಿನ ಸಾರಾಯಿ. ಸೇತುವೆಯವನು ಎದ್ದು ನಿಂತು, ರಾಡ್ಕಕ್ಕ ಒಡೆದ ಕ್ಯೂಬುಗಳು ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ ಎಂದು ಹೇಳಿ ಕುಳಿತ.

"ಅದರ ಮೇಲೊಂದು ಸೇರಿಸ್ಕೊಳ್ಳಿ," ಎಂದು ಕೋಸ್ತಾ ಪಕ್ಕ ಕುಳಿತಿದ್ದ ಡೊಬ್ರಿನ್‌ಗೆ ಮಾತ್ರ ಕೇಳುವಂತೆ ಹೇಳಿದ. "ಒಂದನ್ನ ನನ್ನ ಅಡುಗೆಮನೇಲಿ ಒಡೆದ್ಳು. ಈಜುಕೊಳದ್ದು."

ಡೊಬ್ರಿನ್ ಎತ್ತಿದ ಚಮಚ ಹಾಗೇ ನಿಂತಿತು.

ಮುದುಕ ಅವಸರವಿಲ್ಲದೆ ಹೇಳಿದ. ವರದಿ ಬರೆದ ಆ ದಿನ ಸಂಜೆ ರಾಡ್ಕಾ ತರಕಾರಿ ಚೀಲದಲ್ಲಿ ಅದೇ ಕಂಬಗಳ ಇನ್ನೊಂದು ಕ್ಯೂಬು ಹಾಕಿಕೊಂಡು, ಬಸ್ಸು ಹತ್ತಿ ಅವನ ಮನೆಗೆ ಬಂದಿದ್ದಳು. ಈಜುಕೊಳ ಕಟ್ಟಿಸುತ್ತಿದ್ದ ಮೇಸ್ತ್ರಿ ಅವನೇ. ಕ್ಯೂಬನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಅದರ ಅಂಚನ್ನು ಉಜ್ಜಿದಳು. ಮರಳು ಉದುರಿ, ಒಂದು ಮೂಲೆ ಒಡೆದು ಬಂತು. ನಿನ್ನ ಮಕ್ಕಳನ್ನು ಇದರ ಕೆಳಗೆ ಕಳಿಸುತ್ತೀಯಾ ಎಂದು ಕೇಳಿದಳು, ಅಷ್ಟೇ. ಕೋಸ್ತಾ ಆ ಶನಿವಾರ, ಭಾನುವಾರ ನಾಲ್ಕು ಜನರನ್ನು ಕಟ್ಟಿಕೊಂಡು ಎಂಟು ಕಂಬಗಳಿಗೂ ಸುತ್ತ ಕಬ್ಬಿಣ ಬಿಗಿದು ಹೊಸ ಕಾಂಕ್ರೀಟ್ ಹೊದಿಸಿದ. ಕೇಳಿದವರಿಗೆಲ್ಲ ಟೈಲ್ಸ್ ಅಂಟಿಸಲಿಕ್ಕೆ ಎಂದ. ಆ ಹೊಸ ಕಾಂಕ್ರೀಟಿನ ಕ್ಯೂಬನ್ನೂ ರಾಡ್ಕಾ ಒಡೆದಳು: ಮೂವತ್ತೊಂದು. ಸೂರು ಏರಿದ್ದು ಆಮೇಲೆ.

ಡೊಬ್ರಿನ್ ಚಮಚವನ್ನು ಬಟ್ಟಲಿಗೆ ಇಳಿಸಿದ. ಕೊನೆಗೆ, "ಹದಿನಾಲ್ಕಿತ್ತು. ಇಪ್ಪತ್ನಾಲ್ಕು ಅಂತ ಬರೆದೋನು ನಾನೇ," ಎಂದ. ಆ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಗೊತ್ತು. ತಿನ್ನಪ್ಪ, ಆರುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ ಅವಳು?"

"ಆ ಹುಡುಗನಿಗೆ ಹೇಳ್ಬಿಡು ಅಂತ ನಾನೂ ಅಂದೆ. 'ಬೇಡ, ಹೆದರ್ಕೊಂಡಿರ್ಲಿ. ಹೆದರಿದ ಎಂಜಿನಿಯರು ಇನ್ನೊಂದ್ಸಲ ಸುಳ್ಳು ಬರೆಯಲ್ಲ' ಅಂದ್ಳು." ಕೋಸ್ತಾ ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟ. "ಹತ್ತು ವರ್ಷ ಬಿಟ್ಟು ಮತ್ತೆ ಕೇಳ್ದೆ. 'ಈಗ ಹೇಳಿದ್ರೆ ಶಾಖೇನೇ ಮುಚ್ಕೊಂಡು ಮನೆಗೆ ಹೋಗ್ತಾನೆ' ಅಂತ ನಕ್ಕಳು. ಆಮೇಲೆ ನಾನೂ ಮರೆತೆ."

ಡೊಬ್ರಿನ್‌ಗೆ ಸಿಟ್ಟು ಬಂತು. ಇಪ್ಪತ್ತಾರು ಚಳಿಗಾಲ. ಸಿಟ್ಟು ಗಂಟಲವರೆಗೆ ಬಂದು ಅಲ್ಲಿಂದ ನಗುವಾಗಿ ಹೊರಟಿತು. ಕೆಮ್ಮಿದಂತೆ ಮಾಡಿ ಮುಚ್ಚಿಕೊಂಡ. ಸಾರಿನ ಬಟ್ಟಲನ್ನು ಬಳಿದು ಮುಗಿಸಿದ. ನೆವೆನಾ ಸೌಟು ಹಿಡಿದು ಬಂದಾಗ ಬಟ್ಟಲು ಮುಂದೆ ಚಾಚಿದ. ಮೂರನೆಯ ಸಲವೂ ಚಾಚಿದ.

ಸ್ವಲ್ಪ ಹೊತ್ತಿನ ಮೇಲೆ ಅವಳು ತಟ್ಟೆ ಎತ್ತಲು ಬಂದಾಗ, ಅವನು ಮೇಜಿನ ಮೇಲೆ ಮಡಚಿದ ತೋಳಿಗೆ ಕೆನ್ನೆಯಿಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದ. ಪಾಪ, ಅಕ್ಕನನ್ನು ಬಹಳ ಹಚ್ಚಿಕೊಂಡಿದ್ದ ಎಂದು ಹೆಂಗಸರು ಪಿಸುಗುಟ್ಟಿದರು. ಯಾರೋ ಕಿಟಕಿಯ ಪರದೆ ಎಳೆದರು. ಮಣ್ಣಿನವನೂ ಅಣೆಕಟ್ಟಿನವನೂ ಮಾತು ನಿಲ್ಲಿಸಿ, ಕುರ್ಚಿಗಳನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಂದಿಟ್ಟು, ತುದಿಗಾಲಲ್ಲಿ ಹೊರಗೆ ನಡೆದರು.