ಮುರಿದ ಕೈಗೆ ಮುಯ್ಯಾಳು

ಗಂಡ ಆವುಲಪ್ಪನ ಮುಖ ಕಂಡರೆ ಮುನಿರತ್ನಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಬದುವಿನ ಜಗಳದಲ್ಲಿ ಪಕ್ಕದ ಹೊಲದ ಮುತ್ತರಾಯಪ್ಪ ಸಲಿಕೆಯ ಹಿಡಿಕೆಯಿಂದ ಬಡಿದು ಅವನ ಬಲಗೈ ಮುರಿದಿದ್ದ. ಈ ಪುಣ್ಯಾತ್ಮ ಮಿಷನ್ ಆಸ್ಪತ್ರೆಯಲ್ಲಿ ಮಲಗಿದ್ದು, ಕೈಯ ಜೊತೆ ಬುದ್ಧಿಯನ್ನೂ ಸೊಟ್ಟ ಮಾಡಿಕೊಂಡು ಅಂಚೆಟ್ಟಿ ಬಸ್ಸಿನಿಂದ ಇಳಿದಿದ್ದ.

"ಸಿಸ್ಟರಮ್ಮ ತಮಿಳ್ನಾಗೆ ಓದಿ ಹೇಳೋರು ಕಣೆ. ಹಗೆಯೋನು ಹಸ್ಕೊಂಡಿದ್ರೆ ಉಣ್ಣಾಕಿಕ್ಕು, ಹೊಡೆದೋನ್ನ ಹೊಡೀಬೇಡ, ಅಂತೈತಂತೆ ಯೇಸಪ್ಪನ ಮಾತು."

"ಯೇಸಪ್ಪನ ಕೈಯೇನು ಮುತ್ತರಾಯ ಮುರಿದಿದ್ನಾ?"

"ಎರಡೂ ಕೈಗೆ ಮೊಳೆ ಹೊಡ್ದಿದ್ರಂತೆ."

ಅವಳು ಪಾತ್ರೆ ಕುಕ್ಕಿದಳು.

ಭಾನುವಾರ ಹೊಸೂರಿನ ಫ್ಯಾಕ್ಟರಿಯಿಂದ ಮಗ ಮುನೀಶ್ ಬಂದ. ಅವನನ್ನೂ ಬಿಡಲಿಲ್ಲ. "ನೀನೂ ನಿಮ್ಮಪ್ಪನಂಗೇ ಬಳೆ ತೊಟ್ಕೊಂಡು ಕೂತ್ಕೊಳ್ಲಾ," ಎಂದಳು. ಅವನು ಮಚ್ಚು ತೆಗೆದುಕೊಂಡು ಮುತ್ತರಾಯಪ್ಪನ ಹೊಲದ ಕಡೆ ಹೊರಟ. ಅವನು ಬೇಲಿ ದಾಟಿದ್ದೇ ತಡ, ಅವಳೂ ಹೊರಬಿದ್ದಳು. ಇರುವವನು ಒಬ್ಬನೇ ಮಗ. ಜೈಲಿಗೆ ಹೋದರೆ ಗತಿಯೇನು? ಥೂ ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ, ಎಂದು ಬೈದುಕೊಳ್ಳುತ್ತ ಓಡಿದಳು.

ಗುಡ್ಡದ ಮೇಲೆ ಮಳೆಮೋಡ ಕಟ್ಟಿತ್ತು. ಮುತ್ತರಾಯಪ್ಪನ ರಾಗಿ ಪೂರ್ತಿ ಬಲಿತು ನಿಂತಿತ್ತು, ಮಳೆ ಬಿದ್ದರೆ ನೆಲಕಚ್ಚುತ್ತಿತ್ತು. ಆ ಕಡೆ ಕೊಯ್ಲಿಗೆ ಕೂಲಿಯಿಲ್ಲ, ಮುಯ್ಯಾಳು: ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಬಂದವರಿಗೆ ಹೊಲದವರು ಮುದ್ದೆ ಹಾಕಬೇಕು. ಊರವರ ಮೇಲೆಲ್ಲ ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವ ಈ ಮೂತಿಗೆ ಯಾವನು ಬಂದಾನು?

ಆದರೂ ಹೊಲದಲ್ಲಿ ಇಬ್ಬರಿದ್ದರು. ಆವುಲಪ್ಪ ಎಡಗೈಯಲ್ಲಿ, ಮೊಣಕಾಲು ಊರಿ, ಕೊಯ್ದ ತೆನೆಯ ಸಿವುಡು ಕಟ್ಟುತ್ತಿದ್ದ. ಮುನೀಶ್ ಕುಡುಗೋಲು ಹಿಡಿದು ಕೊಯ್ಯುತ್ತಿದ್ದ. ಮಚ್ಚು ಬದುವಿನಲ್ಲಿ ನಾಟಿಕೊಂಡಿತ್ತು.

"ಏನ್ಲಾ ಇದು?"

"ಅಪ್ಪ ಅವ್ನ ಮುಂದೇನೇ ಅಡ್ಡ ನಿಂತ್ಬುಟ್ಟ. ಯಾರ್ಗಮ್ಮ ಹೊಡೀಲಿ?" ಎಂದ ಮುನೀಶ್, ತಲೆ ಎತ್ತದೆ.

ಮುತ್ತರಾಯಪ್ಪ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ. "ಅತ್ತಿಗೆ, ನನ್ನ ಹೆಂಡ್ತಿ ಇಂದ್ರಮ್ಮ ಜ್ವರದಾಗೆ ಮಲಗವ್ಳೆ. ಬಂದೋರ್ಗೆ ಹಾಕಾಕೆ ಮುದ್ದೇನೂ ಇಲ್ಲ," ಎಂದ.

ಮುನಿರತ್ನಮ್ಮ ಉಗಿದಳು. ಮನೆಗೆ ಹೋದಳು. ದಾರಿಯುದ್ದಕ್ಕೂ ಮೂರು ಗಂಡಸರ ವಂಶವನ್ನೂ ಜಾಲಾಡಿದಳು. ಬರುವಾಗ ತಲೆಯ ಮೇಲೆ ಕುಕ್ಕೆಯಿತ್ತು, ಅದರಲ್ಲಿ ನಾಲ್ಕು ಮುದ್ದೆ, ಹುರುಳಿ ಸಾರು. ಮೊದಲ ತಟ್ಟೆಯನ್ನು ಮುತ್ತರಾಯಪ್ಪನ ಮುಂದೆ ನಾಯಿಗಿಟ್ಟ ಹಾಗೆ ಕುಕ್ಕಿದಳು.

ಅವನು ಮುಟ್ಟಲಿಲ್ಲ. ಬಲಗೈ ಚಾಚಿದ. "ಈ ಕೈನ ಹೊಡೆದು ಮುರಿದ್ಬುಡು, ಅತ್ತಿಗೆ. ಆಮ್ಯಾಕೆ ಉಣ್ತೀನಿ."

"ಓಹೋ! ಏಟು ತಿಂದು ಪಾರಾಗಾನ ಅಂತಾ? ಅಷ್ಟು ಸಸ್ತಾಕ್ಕೆ ಬಿಡಾಕಿಲ್ಲ ಕಣಯ್ಯಾ. ಉಣ್ಣು. ನಾಳೆ ಮುಯ್ಯಾಳಾಗಿ ನಮ್ಮ ಹೊಲಕ್ಕೆ ಬಾ. ನನ್ನ ಗಂಡನ ಬಲಗೈ ಮಾಡೋ ಕೆಲಸನೆಲ್ಲ ಇನ್ಮ್ಯಾಕೆ ಆ ಕೈಯೇ ಮಾಡ್ಬೇಕು."

ಮುತ್ತರಾಯಪ್ಪ ಅಳುತ್ತ ಮುದ್ದೆ ಮುರಿದ.